ಒಣಗದ ಹಗ್ಗ

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ದೇವರ ಮೇಲೆ ಭಾರ ಹಾಕಿ, ಕಂಡದ್ದನ್ನಷ್ಟೇ ಹೇಳುತ್ತೇನೆ.

ಸೊಸೆ ಕೂಸಿನೊಂದಿಗೆ ತವರಿನಿಂದ ಬರುವಷ್ಟರಲ್ಲಿ ಹೊಲದ ಬಾವಿಯನ್ನು ಶುದ್ಧಮಾಡಿಸಿ, ಬಾಯಿ ಮುಚ್ಚಿಸಿ, ಕುಡಿಯುವ ನೀರಿಗೆ ಅದರಿಂದಲೇ ಮನೆಯೊಳಗೆ ನಲ್ಲಿ ಹಾಕಿಸಬೇಕೆಂದುಕೊಂಡೆ. ಹೂಳೆತ್ತಲು ಇಳಿದವನನ್ನು ಎಲ್ಲರೂ ಕಪ್ಪೆ ಎನ್ನುತ್ತಿದ್ದರು. ಅವನು ಮೇಲೆ ಬಂದೊಡನೆ ನಾನು ಹಗ್ಗ ಎಳೆದುಕೊಂಡೆ.

“ಯಜಮಾನ್ರೇ, ಬಾವಿ ಮುಚ್ಚೋ ಮುಂಚೆ ಹಗ್ಗ ಸ್ವಲ್ಪ ಹೊತ್ತು ಕೆಳಗೇ ಬಿಟ್ಟು, ‘ಯಾರಿದ್ರೂ ಬನ್ನಿ’ ಅಂತ ಮೂರು ಸಲ ಕೂಗಬೇಕು. ನಮ್ಮ ಕಸುಬಿನ ಪದ್ಧತಿ.”

“ಯಾಕೋ, ಕೆಳಗೆ ನಿನ್ನ ಮಾವ ಕೂತಿದ್ದಾನಾ?” ಎಂದು ನಕ್ಕೆ. ಅವನು ನಗಲಿಲ್ಲ; ನಾನು ಕೂಗಲಿಲ್ಲ.

ಹಗ್ಗವನ್ನು ಒಣಗಿಸಿ ಅಡುಗೆಮನೆಯ ಮೊಳೆಗೆ ನೇತುಹಾಕಿದೆ. ಆಮೇಲೆಯೇ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿ, ಕಾಂಕ್ರೀಟ್ ಹಲಗೆ ಮುಚ್ಚಿ, ಸುತ್ತ ಸಿಮೆಂಟ್ ಮೆತ್ತಿಸಿದ್ದು.

ಮರುದಿನ ಬೆಳಿಗ್ಗೆ ಹಗ್ಗದ ತುದಿ ಒಂದು ಮೊಳ ಒದ್ದೆಯಾಗಿತ್ತು. ಮೂಸಿದರೆ ಬ್ಲೀಚಿಂಗ್ ಪೌಡರಿನ ವಾಸನೆ.

“ನೀವೇ ಎಲ್ಲೋ ನೆನೆಸಿರ್ತೀರಿ. ನಿಮ್ಮ ಮರೆವು ನಂಗೆ ಹೊಸದಾ?” ಎಂದಳು ಹೆಂಡತಿ.

ಅದರ ಮಾರನೆಯ ದಿನ ಎರಡು ಮೊಳ. ಬಿಸಿಲಿಗೆ ಹಾಕಿದರೂ ಒಣಗಲಿಲ್ಲ. ಒದ್ದೆಯಾದ ಭಾಗ, ಯಾರೋ ಈಗಷ್ಟೇ ಹಿಡಿದು ಬಿಟ್ಟಂತೆ, ಬೆಚ್ಚಗಿತ್ತು. ಹತ್ತನೆಯ ದಿನ ಹತ್ತು ಮೊಳವಾದಾಗ ಹೆಂಡತಿ ತಮಾಷೆ ನಿಲ್ಲಿಸಿದಳು.

“ರೀ, ಹಲಗೆ ತೆಗೆಸಿ ಕೂಗಿಬಿಡಿ.”

“ಕೂಗಿದ್ರೆ ಬರ್ತಾರಲ್ಲೇ,” ಎಂದೆ.

ಹಗ್ಗ ಇರುವುದು ಇಪ್ಪತ್ತು ಮೊಳ. ಇಂದು ದೇವರ ಹೆಸರು ಹೇಳಿಕೊಂಡು ಎರಡು ಸಲ ಅಳೆದೆ. ಒಣಗಿ ಉಳಿದಿರುವುದು, ಮೇಲೆ ನಿಂತವರು ಕೈಯಲ್ಲಿ ಹಿಡಿಯುವ ಒಂದೇ ಮೊಳ. ಸೊಸೆ ನಾಳೆ ಬೆಳಿಗ್ಗೆ ಕೂಸಿನೊಂದಿಗೆ ಬರುತ್ತಾಳೆ.