ಮೂರೇ ಗೋಡೆಯ ಗುಡಿಸಲು

ಮತದಾನಕ್ಕೆ ನಾಲ್ಕು ದಿನ ಬಾಕಿಯಿತ್ತು. ಬೆಳಿಗ್ಗೆ ಹತ್ತೂಕಾಲಿಗೆ ನಾಯಕರ ಪ್ರಚಾರ ಮ್ಯಾನೇಜರ್ ಠಾಣೆಗೆ ನುಗ್ಗಿ, ಇನ್‌ಸ್ಪೆಕ್ಟರ್ ಮೇಜಿನ ಮೇಲೆ ದೂರಿನ ಜೊತೆ ತನ್ನ ಫೋನನ್ನೂ ಇಟ್ಟ.

"ನೋಡಿ ಸಾರ್, ಅಪ್ಪಟ ಸುಳ್ಳು ವಿಡಿಯೊ. ಇದನ್ನ ಹರಡಿದವರು ಸಂಜೆಯೊಳಗೆ ಒಳಗಿರಬೇಕು."

ವಿಡಿಯೊದಲ್ಲಿ ಒಂದು ಗುಡಿಸಲು, ಮಂಚದ ಮೇಲೆ ಕಾಯಿಲೆಯ ಅಜ್ಜಿ. ನಾಯಕರು ಆಕೆಯ ಬಾಯಿ ಒರೆಸಿದ ಕರ್ಚೀಫನ್ನು ದೂರ ಎಸೆದು, "ಥೂ! ಕ್ಯಾಮೆರಾ ಆಫ್ ಆಯ್ತೇನ್ರೋ? ಈ ಮುದುಕಿ ಮನೇಲಿ ಓಟು ಎಷ್ಟಿದೆ?" ಎಂದು ಕೇಳುತ್ತಾರೆ.

ಆ ಗುಡಿಸಲು, ಆ ಅಜ್ಜಿ ಯಾರಿಗೆ ಗೊತ್ತಿಲ್ಲ! ಹೋದ ಚುನಾವಣೆಯಲ್ಲಿ ನಾಯಕರು ಆಕೆಗೆ ಮಾತ್ರೆ ನುಂಗಿಸಿ, ತಮ್ಮ ಕರ್ಚೀಫಿನಿಂದಲೇ ಬಾಯಿ ಒರೆಸುವ ವಿಡಿಯೊ ಟಿವಿಯಲ್ಲಿ ಹಗಲೂ ರಾತ್ರಿ ಓಡಿತ್ತು. ಜನ ಕಣ್ಣೊರೆಸಿಕೊಂಡು ಹೋಗಿ ಓಟು ಒತ್ತಿ ಬಂದಿದ್ದರು. ಈಗ ಅದರ ಮುಂದಿನ ಭಾಗ ಬಂದು ನಾಯಕರ ಮಾನ ಹರಾಜಾಗಿತ್ತು.

ಅರ್ಧ ಗಂಟೆಯಲ್ಲಿ FIR ಆಯಿತು. "ಸೈಕಲ್ ಕಳಕೊಂಡ ಮೇಷ್ಟ್ರನ್ನ ವಾರಗಟ್ಟಲೆ ಅಲೆಸಿದ್ವಿ ಸಾರ್," ಎಂದ ಹೆಡ್ ಕಾನ್‌ಸ್ಟೇಬಲ್.

"ಬಾಯಿ ಮುಚ್ಕೊಂಡು ನಂಬರ್ ಹುಡುಕು," ಎಂದರು ಇನ್‌ಸ್ಪೆಕ್ಟರ್.

ವಿಡಿಯೊದಲ್ಲಿರುವುದು ನಾಯಕರಲ್ಲ ಎಂದು ಸಾಬೀತು ಮಾಡಲು ಮ್ಯಾನೇಜರ್ ಸಾಕ್ಷಿಯನ್ನೂ ಕರೆತಂದಿದ್ದ. ಅವನೊಬ್ಬ ನಟ. ನಾಯಕರ ಪಡಿಯಚ್ಚು. ಹಿಂದೊಮ್ಮೆ ಅವರನ್ನು ಅಣಕಿಸಿ ಹೊಟ್ಟೆ ಹೊರೆದವನು ಈಗ ಅವರ ಕೃಪೆಯಿಂದ ಒಂದು ನಿಗಮದ ಅಧ್ಯಕ್ಷ.

"ಇದು ನೀವೇನಾ?"

"ನಾನೇ ಸಾರ್. ರಾಜಕಾರಣಿಗಳನ್ನ ಗೇಲಿ ಮಾಡೋ ಪಿಚ್ಚರು. ಬಿಡುಗಡೆ ಆಗ್ಲಿಲ್ಲ."

"ಗುಡಿಸಲು?"

"ಸೆಟ್ಟು ಸಾರ್."

"ಅಜ್ಜಿ?"

"ಡೈರೆಕ್ಟರ್ ತಾಯಿ."

"ಹಾಗಾದ್ರೆ ಮಾತ್ರೆ ನುಂಗಿಸೋ ವಿಡಿಯೊದಲ್ಲಿರೋದು ಯಾರು?"

ನಟ ಮ್ಯಾನೇಜರ್ ಮುಖ ನೋಡಿದ. ಮ್ಯಾನೇಜರ್ ಫ್ಯಾನು ನೋಡಿದ.

"ಸ್ವಲ್ಪ ನೀರು ಕೊಡ್ತೀರಾ ಸಾರ್?" ಎಂದ ನಟ.

ನೀರು ಕೊಟ್ಟು, ಹೇಳಿಕೆ ಬರೆಸಿಕೊಂಡು, ಸಹಿ ಹಾಕಿಸಿಕೊಂಡರು. ಅಷ್ಟರಲ್ಲಿ ನಂಬರೂ ಸಿಕ್ಕಿತ್ತು. ವಿಡಿಯೊ ಹಾಕಿದ್ದವಳು ಸತ್ತುಹೋದ ಆ ಡೈರೆಕ್ಟರನ ಮಗಳು, ಸಿನಿಮಾ ಎಡಿಟರ್. ಸ್ವಂತ ಫೋನು, ಸ್ವಂತ ಹೆಸರು. "ಇಷ್ಟು ಸಲೀಸಾಗಿ ಯಾರ್ ಸಾರ್ ಸಿಕ್ಕಿಬೀಳ್ತಾರೆ?" ಎಂದು ಹೆಡ್ ಕಾನ್‌ಸ್ಟೇಬಲ್ ತಲೆ ಕೆರೆದುಕೊಂಡ.

ಮಧ್ಯಾಹ್ನ ಎರಡಕ್ಕೆ ಜೀಪು ಅವಳ ಎಡಿಟಿಂಗ್ ರೂಮಿನ ಮುಂದೆ ನಿಂತಿತು. ಅವಳು ಬಟ್ಟೆಯ ಚೀಲ ತುಂಬಿಟ್ಟುಕೊಂಡು ಕಾಯುತ್ತಿದ್ದಳು. ಪಕ್ಕದ ಕುರ್ಚಿಯಲ್ಲಿ ಚಪ್ಪಲಿ ಹಾಕಿಕೊಂಡು ಸಿದ್ಧವಾಗಿ ಕೂತಿದ್ದವರು ಅದೇ ವಿಡಿಯೊದ ಅಜ್ಜಿ.

"ವಿಡಿಯೊ ಹಾಕಿದ್ದು ನೀನೇನಾ?"

"ನಾನೇ. ಸೆಟ್ಟು ಹಿಂದಿನ ಗೋಡೌನಲ್ಲಿದೆ. ಬಿಚ್ಚೋಕೆ ಅಪ್ಪನಿಗೆ ಮನಸ್ಸು ಬರಲಿಲ್ಲ. ಪಂಚರನ್ನ ಕರೆಸಿ ಸಾರ್."

ಗೋಡೌನಿನಲ್ಲಿ ಟಾರ್ಪಾಲು ಸರಿಸಿದರು. ಗುಡಿಸಲಿಗೆ ಮೂರೇ ಗೋಡೆ. ಮಣ್ಣಿನ ಗೋಡೆಯೆಂದು ನಾಡೇ ನಂಬಿದ್ದು ಪ್ಲೈವುಡ್, ಅದರ ಬಿರುಕುಗಳು ಬಣ್ಣದ ಗೆರೆ. ಮಂಚ ಇದ್ದಲ್ಲೇ ಇತ್ತು. ಇಬ್ಬರು ಪಂಚರ ಎದುರು ಎರಡೂ ವಿಡಿಯೊಗಳನ್ನು ಆ ಗೋಡೆಗೆ ಹೋಲಿಸಿ ನೋಡಿ ಪಂಚನಾಮೆ ಬರೆದರು.

ಅವಳನ್ನು ಠಾಣೆಗೆ ತಂದಾಗ ಮ್ಯಾನೇಜರ್ ಬೆವರಿ ತೊಪ್ಪೆಯಾಗಿದ್ದ. ನಟನ ಹೇಳಿಕೆಯ ಸುದ್ದಿ ನಾಯಕರ ಕಿವಿಗೆ ಬಿದ್ದಿತ್ತು.

"ಕಂಪ್ಲೇಂಟ್ ವಾಪಸ್ ತಗೋತೀವಿ ಸಾರ್. ಪಾಪ, ಹೆಣ್ಣುಮಗಳು."

"FIR ಆಗಿದೆ. ಕೋರ್ಟಲ್ಲಿ ಹೇಳಿ."

"ಹಾಗಾದ್ರೆ ನಾನು ಬರ್ತೀನಿ."

"ಎಲ್ಲಿಗೆ? ಸಿನಿಮಾದ ದೃಶ್ಯವನ್ನ ನಿಜ ಅಂತ ಹರಡಿ ಮತದಾರರಿಗೆ ಮೋಸ ಮಾಡಿದ್ಲು ಅಂತ ಇವಳನ್ನ ಹಿಡಿದಿದೀನಿ. ನೀವು ಮಾಡಿದ್ದೂ ಅದೇ ಅಲ್ವೇ? ಕೂತ್ಕೊಳ್ಳಿ."

ಮ್ಯಾನೇಜರ್ ಕೂತ. ಸಂಜೆ ಐದಕ್ಕೆ ಅವಳ ಬಂಧನ ದಾಖಲಾಯಿತು.

"ಇಡೀ ಸಿನಿಮಾನೇ ಹಾಕಬಹುದಿತ್ತಲ್ಲಮ್ಮ. ಜೈಲು ಯಾಕೆ ಬೇಕಿತ್ತು?" ಎಂದು ಇನ್‌ಸ್ಪೆಕ್ಟರ್ ಕೇಳಿದರು.

"ಹಾಕಿದ್ರೆ ಅದನ್ನೂ ಸುಳ್ಳು ಅಂತಿದ್ರು. ಇದು ಸಿನಿಮಾ ಅಂತ ಅವರೇ ಬಾಯಿ ಬಡ್ಕೊಂಡು ನಿಮ್ಮ ಹತ್ರ ಓಡಿ ಬರಬೇಕಿತ್ತು. ಬಂದ್ರು."

"ಅಷ್ಟೊಂದು ದ್ವೇಷಾನಾ?"

"ದ್ವೇಷಾನೇ ಸಾರ್. ಅವನು ಮಣ್ಣು ಮುಕ್ಕೋದನ್ನ ಕಣ್ತುಂಬ ನೋಡ್ಬೇಕು."

ಆ ದ್ವೇಷಕ್ಕೆ ಕಾರಣವಿತ್ತು. ನಾಯಕರ ಕಡೆಯವರು ಸಿನಿಮಾ ನಿಲ್ಲಿಸಿ, ಪ್ರತಿಗಳನ್ನೆಲ್ಲ ಎತ್ತಿಕೊಂಡು ಹೋಗಿ, ಗೇಲಿಯ ಭಾಗ ಕತ್ತರಿಸಿ, ಉಳಿದದ್ದನ್ನು ನಿಜವೆಂದು ತೋರಿಸಿದ್ದರು. ಅದು ನನ್ನ ಸಿನಿಮಾ, ಸೆಟ್ಟು ನೋಡಬನ್ನಿ ಎಂದು ಅವಳ ಅಪ್ಪ ಚಾನೆಲಿನಿಂದ ಚಾನೆಲಿಗೆ ಅಲೆದರು. ಎಲ್ಲರೂ ಸುಳ್ಳುಬುರುಕ ಎಂದರು. ನಂಬಿದ ನಾಲ್ಕು ಜನ, ಹೆತ್ತ ತಾಯಿಯನ್ನೇ ಪ್ರಚಾರಕ್ಕೆ ಮಾರಿಕೊಂಡ ಎಂದರು. ಇದೇ ಠಾಣೆಗೂ ಬಂದಿದ್ದರು, ದೂರು ತೆಗೆದುಕೊಂಡಿರಲಿಲ್ಲ. ಆಮೇಲೆ ಹೊರಗೆ ಮುಖ ತೋರಿಸದೆ, ಕೊರಗಿ ಕೊರಗಿಯೇ ಸತ್ತರು. ಸಿನಿಮಾದ ಒಂದು ಪ್ರತಿ ಉಳಿದಿದ್ದ ಅವರ ಕೆಟ್ಟುಹೋದ ಹಾರ್ಡ್ ಡಿಸ್ಕು ಮೊನ್ನೆಯಷ್ಟೇ ರಿಪೇರಿಯಾಗಿ ಬಂದಿತ್ತು.

"ಪಂಚನಾಮೆಯ ಕೊನೇ ಸಾಲು ಓದ್ತೀರಾ ಸಾರ್?"

ಇನ್‌ಸ್ಪೆಕ್ಟರ್ ಓದಿದರು: "ಸದರಿ ಗುಡಿಸಲು ಸಿನಿಮಾ ಸೆಟ್ ಆಗಿದ್ದು, ಎರಡೂ ವಿಡಿಯೊಗಳನ್ನು ಇಲ್ಲಿಯೇ ಚಿತ್ರೀಕರಿಸಿರುವುದು ಕಂಡುಬಂದಿದೆ."

"ಸ್ವಲ್ಪ ಜೋರಾಗಿ ಸಾರ್. ಅಜ್ಜಿ ಹೊರಗೆ ಬೆಂಚಿನ ಮೇಲಿದಾಳೆ. ಕಿವಿ ಮಂದ."

ಇನ್‌ಸ್ಪೆಕ್ಟರ್ ಬಾಗಿಲಿಗೆ ಹೋಗಿ ನಿಂತು, ಗಂಟಲು ಸರಿಮಾಡಿಕೊಂಡು, ಇಡೀ ಠಾಣೆಗೆ ಕೇಳುವಂತೆ ಮತ್ತೆ ಓದಿದರು.

ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡು, "ಅಷ್ಟನ್ನೇ ಅಲ್ವೇನಪ್ಪ ನನ್ನ ಮಗ ಹೇಳ್ತಿದ್ದಿದ್ದು?" ಎಂದರು.