‘ಬಂದೆ’ ಎನ್ನದ ನೂರೋವಾ

ನೂರೋವಾನ ಜೊತೆ ಒಂದೇ ದೋಣಿಯಲ್ಲಿ ಹದಿನೈದು ದಿನ ಕಳೆಯಬೇಕೆಂದು ಮೊದಲೇ ಗೊತ್ತಿದ್ದರೆ, ನಾನು ರಾರೊಟೊಂಗಾ ದ್ವೀಪದ ದಡದಲ್ಲೇ ಕಾಲು ಮುರಿದುಕೊಂಡು ಬಿದ್ದಿರುತ್ತಿದ್ದೆ.

ನಮ್ಮದು ಎರಡು ಒಡಲು ಸೇರಿಸಿ ಕಟ್ಟಿದ ಜೋಡಿ ಹಾಯಿದೋಣಿ, ಆಕ್ಲೆಂಡಿಗೆ ಹೊರಟಿತ್ತು. ಇಬ್ಬಿಬ್ಬರಿಗೆ ಒಂದೇ ಹಾಸಿಗೆ. ನನ್ನ ಪಾಲಿಗೆ ಇವನು. ಅವನ ಪಾಳಿ ಮುಗಿದಾಗ ನನ್ನದು ಶುರು. ನಾನು ಎದ್ದಲ್ಲಿ ಅವನು ಮಲಗುತ್ತಿದ್ದ. ನಾನು ಮಲಗಲು ಬಂದರೆ ಅಲ್ಲಿ ಬಿಸ್ಕತ್ತಿನ ಪುಡಿ, ಒದ್ದೆ ಟವೆಲ್, ಒಮ್ಮೆಯಂತೂ ಮೀನಿನ ಗಾಳ. ಬೈದರೆ, ದಿಂಬಿನಲ್ಲಿ ನಿನ್ನ ತಲೆಯ ಎಣ್ಣೆ ವಾಸನೆ ಇರುತ್ತದಲ್ಲ, ನಾನೇನಾದರೂ ಗೊಣಗಿದೆನಾ ಎನ್ನುತ್ತಿದ್ದ. ಬಾಯಿ ಗಂಭೀರ, ಕಣ್ಣು ಮಾತ್ರ ನಗುತ್ತಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅದನ್ನಾದರೂ ಸಹಿಸಬಹುದು. ಬಹಿರ್ದೆಸೆಗೆಂದು ದೋಣಿಯ ಹಿಂದಿನ ಅಂಚಿಗೆ ಹೋಗುವವರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಚುಕ್ಕಾಣಿ ಹಿಡಿದವರಿಗೆ ಹೆಸರು ಕೂಗಿ ಹೋಗಬೇಕು. ತಿರುಗಿ ಬಂದ ಮೇಲೆ ‘ಬಂದೆ’ ಎನ್ನಬೇಕು. ನೀರಿಗೆ ಬಿದ್ದವನ ತಲೆ ಹತ್ತು ಅಲೆ ದಾಟಿದರೆ ಕಾಣುವುದಿಲ್ಲ. ಬಿರುಗಾಳಿಗಿಂತ ನಮಗೆ ಅದರದೇ ಭಯ. ಈ ಮಹಾಶಯ ಹೋಗುವಾಗ ಕೂಗುತ್ತಾನೆ, ಬಂದಾಗ ಬಾಯಿ ಬಿಡುವುದಿಲ್ಲ. ನಾನು ಹಿಡಿದಿದ್ದ ಚುಕ್ಕಾಣಿಯನ್ನು ಗೆಳತಿ ರುಟಾಳ ಕೈಗೆ ಕೊಟ್ಟು, ನಾನೇ ಓಡಿ ಹೋಗಿ ನೋಡಬೇಕು. ಆಸಾಮಿ ಕಟಕಟೆಗೆ ಒರಗಿ ನಿಂತು, ಈಗ ತಾನೇ ಬಂದೆ ಎನ್ನುತ್ತಾನೆ. ಆರು ದಿನವೂ ಇದೇ ಗೋಳು.

ಏಳನೆಯ ದಿನ ಮಧ್ಯಾಹ್ನ ಗಾಳಿ ಜೋರಾಗಿತ್ತು, ಚುಕ್ಕಾಣಿ ಬಿಡುವಂತಿರಲಿಲ್ಲ. ಅವನು ಕೂಗಿ ಹೋದ. ಎಷ್ಟು ಹೊತ್ತಾದರೂ ಸುದ್ದಿಯಿಲ್ಲ. ರುಟಾಳನ್ನು ಕಳಿಸಿದೆ. ಹಗ್ಗ ಖಾಲಿ ನೇತಾಡುತ್ತಿದೆ ಎಂದಳು. ಓಡಿಹೋಗಿ ನಮ್ಮ ಹಾಸಿಗೆ ನೋಡಿ ಬಂದಳು. ಅಲ್ಲೂ ಇರಲಿಲ್ಲ.

ನಾನು ಕಿರುಚಿದೆ. ಪಟ ಇಳಿಯಿತು, ದೋಣಿ ಹಿಂದಕ್ಕೆ ತಿರುಗಿತು, ಎಲ್ಲರೂ ನೀರಿನ ಮೇಲೆ ಕಣ್ಣು ನೆಟ್ಟರು. ಅವನು ಸಿಕ್ಕರೆ ಸಾಕು, ಹಾಸಿಗೆ ಪೂರ್ತಿ ಅವನೇ ಇಟ್ಟುಕೊಳ್ಳಲಿ ಎಂದು ಹತ್ತು ಜನರೆದುರು ಅಳುತ್ತ ಏನೇನೋ ಹೇಳಿದೆನಂತೆ. ಅವನಿಲ್ಲದೆ ನಾನು ಊರಿಗೆ ಹೋಗುವುದಿಲ್ಲ ಎಂದೂ ಹೇಳಿದೆನಂತೆ.

ಅಷ್ಟರಲ್ಲಿ ಕೆಳಗಿನಿಂದ ಅವನೇ ಕಣ್ಣುಜ್ಜುತ್ತ ಎದ್ದು ಬಂದು, ಯಾರು ಬಿದ್ದರು ಎಂದು ಕೇಳಿದ.

ಮಲಗಿದ್ದು ತುತಾಯ್ ಅಜ್ಜನ ಹಾಸಿಗೆಯಲ್ಲಿ. ಅಜ್ಜ ನಕ್ಷತ್ರ, ಅಲೆಗಳನ್ನು ನೋಡಿ ದೋಣಿಗೆ ದಾರಿ ಹೇಳುವವರು. ದಡ ಕಾಣುವ ತನಕ ಮೈ ಚಾಚುವುದಿಲ್ಲ, ಕೂತಲ್ಲೇ ತೂಕಡಿಸುತ್ತಾರೆ. ಆ ಹಾಸಿಗೆಯ ಕಡೆ ಯಾರೂ ತಿರುಗಿಯೂ ನೋಡುವುದಿಲ್ಲ. ಕಾಯಿಲೆ ಬಿದ್ದ ಇನ್ನೊಬ್ಬನ ಪಾಳಿಯನ್ನೂ ತಾನೇ ಮಾಡಿದ್ದ ನೂರೋವಾ ಅಲ್ಲಿ ಹೆಣದ ಹಾಗೆ ನಿದ್ದೆ ಹೊಡೆದಿದ್ದ.

ಅಜ್ಜ ಬೈಯಲಿಲ್ಲ. ಅಲೆಗಳತ್ತ ಮುಖ ಮಾಡಿ ಕೂತು ಹೇಳಿದರು, “ತಪ್ಪಿದ ದಾರೀನ ನಾನು ಹುಡುಕ್ತೀನಿ. ನೀವಿಬ್ರೂ ಅಷ್ಟರಲ್ಲಿ ನಿಮ್ಮ ಮಾತು ಮುಗಿಸ್ಕೊಳ್ಳಿ.”

“ಬಂದೆ ಅನ್ನೋಕೆ ನಿಂಗೇನೋ ಧಾಡಿ?” ಎಂದೆ.

“ಬಂದೆ ಅಂದ್ರೆ ಹೂಂ ಅಂತ ತಲೆ ಆಡಿಸ್ತೀಯ, ಮುಗೀತು. ಅನ್ನದೇ ಇದ್ರೆ ಹುಡುಕ್ಕೊಂಡು ಬರ್ತೀಯ. ನಾನು ಎದ್ದಾಗ ನೀನು ಮಲಗಿರ್ತೀಯ. ನಿನ್ನ ಮುಖ ನೋಡೋಕೆ ನಂಗೆ ಸಿಗೋದು ಅಷ್ಟೇ ಹೊತ್ತು. ಇವತ್ತು ಎಷ್ಟು ಕಾದ್ರೂ ಬರ್ಲಿಲ್ಲ. ಹೋಗಿ ಮಲಗೋಣ ಅಂದ್ರೆ ನಮ್ಮ ಹಾಸಿಗೆ ತೊಯ್ದು ತೊಪ್ಪೆ. ಮೇಲಿನ ಕಿಂಡಿಯ ಮುಚ್ಚಳ ಹಾಕ್ದೇ ಬಂದಿದ್ದೆ ನೀನು.”

ಅವನ ಹೆಗಲಿಗೆ ಎರಡು ಗುದ್ದಿದೆ. ಮೂರನೆಯದಕ್ಕೆ ಕೈ ಏಳಲಿಲ್ಲ, ಅಳು ಬಂತು.

“ಆ ನೀರಲ್ಲಿ ನಿನ್ನ ತಲೆ ಹುಡುಕ್ತಾ ಸತ್ತೇ ಹೋಗಿದ್ದೆ ಕಣೋ.”

ಅವನ ಕಣ್ಣಿನ ನಗು ಆರಿತು. ತಪ್ಪಾಯಿತು ಎಂದ. ಆ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು. ಆಮೇಲೆ ಕೇಳಿದ, “ದಡ ಸೇರಿದ ಮೇಲೂ ಹುಡುಕ್ಕೊಂಡು ಬರ್ತೀಯಾ, ಅಕಾಯ್ತಿ?”

“ಬರಲ್ಲ. ನಿನ್ನ ಹುಡುಕಿ ಹುಡುಕಿ ಸಾಕಾಗಿದೆ ನಂಗೆ. ಇಲ್ಲೇ ನನ್ನ ಪಕ್ಕದಲ್ಲಿ ಇದ್ದುಬಿಡು.”