ಮೊದಲ ದಿನದ ಸೀಸೆ

"ನನ್ನ ಗುರುತು ಸಿಕ್ಕಿತಾ, ಬಾತೋನೋ ಬಾದ್ರಿ?"

ಟ್ಬಿಲಿಸಿಯ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದ ದಿನ ತೆಕ್ಲೆ, 'ಬಾತೋನೋ' ಎಂಬ ಮರ್ಯಾದೆಯ ಮಾತು ಸೇರಿಸಿ, ಆಡಿದ ಮೊದಲ ಮಾತೇ ಇದು. ಬಾದ್ರಿ ಕೈಯಲ್ಲಿದ್ದ ಗಾಜಿನ ತಟ್ಟೆಯನ್ನು ಕೆಳಗಿಟ್ಟ.

"ವಖ್ತಾಂಗ್ ಮಾಸ್ತರ ಮಗಳು," ಎಂದ ಮೆಲ್ಲಗೆ. "ಹೇಗೆ ಮರೆಯಲಿ?"

ಮರೆಯಲೂಬಾರದು! ನೃತ್ಯ ಕಲಿಸುತ್ತಿದ್ದ ಅಪ್ಪನ ಬಲಗಾಲಿನ ಹುಣ್ಣಿಗೆ ಫೇಜ್ ಔಷಧಿ ಕೊಟ್ಟವನು ಇವನೇ. ಬ್ಯಾಕ್ಟೀರಿಯಾವನ್ನು ಕೊಲ್ಲುವ ಆ ವೈರಸ್ಸಿನಿಂದ ಹುಣ್ಣು ಮಾಯುತ್ತಿತ್ತು. ಅರ್ಧದಲ್ಲೇ ನಿಲ್ಲಿಸಿದ. ಈ ಔಷಧಿ ಇನ್ನು ನಾಟುವುದಿಲ್ಲ ಎಂದನಷ್ಟೇ. ವಾರದೊಳಗೆ ಅಪ್ಪನ ಕಾಲು ತೆಗೆದರು.

ಆಸ್ಪತ್ರೆಯಲ್ಲಿ ಅವಳಿಗೆಂದು ಬಿಸಿ ಬ್ರೆಡ್ಡು ತರುತ್ತಿದ್ದವನೂ ಇವನೇ. ಇವನ ಹೆಜ್ಜೆ ಸದ್ದಿಗೆ ತಾನು ಕಾಯುತ್ತಿದ್ದೆನಲ್ಲ... ಅದನ್ನು ನೆನೆದರೆ ತೆಕ್ಲೆಗೆ ಮೈಯೆಲ್ಲ ಉರಿಯುತ್ತಿತ್ತು. ಎಲ್ಲರೆದುರು ಇವನ ಮಾನ ಕಳೆಯದೆ ಬಿಡಲಾರೆ ಎಂದುಕೊಂಡಳು.

ಶೀತಪೆಟ್ಟಿಗೆಯ ಸೀಸೆಗಳಲ್ಲಿ ಅಪ್ಪನ ಹುಣ್ಣಿನ ಬ್ಯಾಕ್ಟೀರಿಯಾ ಇನ್ನೂ ಇತ್ತು. ಒಂದು ಸೀಸೆಯದನ್ನು ತಟ್ಟೆಯಲ್ಲಿ ಬೆಳೆಸಿ, ಅದೇ ಫೇಜ್ ಹನಿಸಿದಳು. ಬೆಳಿಗ್ಗೆ ನೋಡಿದರೆ ಹನಿ ಬಿದ್ದ ಕಡೆಯೆಲ್ಲ ಬ್ಯಾಕ್ಟೀರಿಯಾ ಸತ್ತು ತಿಳಿಯಾಗಿತ್ತು. ಸಿಕ್ಕಿಬಿದ್ದೆಯಲ್ಲ, ಸುಳ್ಳುಗಾರ!

ಆ ವಾರ ಹಿರಿಯ ಸಹೋದ್ಯೋಗಿಯೊಬ್ಬರ ಹುಟ್ಟುಹಬ್ಬದ ಔತಣ. ಔತಣ ನಡೆಸುವ ಹಿರಿಯ, ಅಂದರೆ ತಮಾದಾ, ತಂದೆತಾಯಂದಿರ ಹೆಸರಲ್ಲಿ ವೈನ್ ಎತ್ತಿ, ಮುಂದಿನ ಮಾತು ತೆಕ್ಲೆಯದು ಎಂದು ಸರದಿ ದಾಟಿಸಿದರು. ಅವಳು ಲೋಟ ಹಿಡಿದು ಎದ್ದಳು.

"ನಮ್ಮಪ್ಪನ ಕಾಲು ಉಳೀತಿತ್ತು. ಔಷಧಿ ಈಗಲೂ ಕೆಲಸ ಮಾಡುತ್ತೆ, ನಾನೇ ಕಣ್ಣಾರೆ ನೋಡಿದೀನಿ. ಇವರು ಬೇಕಂತಲೇ ಕೈಬಿಟ್ಟರು."

ಎಲ್ಲರ ಕಣ್ಣೂ ಎದುರು ಕೂತಿದ್ದ ಬಾದ್ರಿಯತ್ತ ತಿರುಗಿತು. ಅವನು ತಲೆ ಎತ್ತದೆಯೇ ಕೇಳಿದ.

"ಯಾವ ಸೀಸೆ ತಗೊಂಡೆ, ತೆಕ್ಲೆ? ಮೊದಲ ದಿನದ್ದಾ, ಕೊನೆಯದಾ?"

ಅಷ್ಟೇ ಕೇಳಿ ಎದ್ದುಹೋದ. ಆಗ ಅವಳಿಗೆ ಹೊಳೆಯಿತು. ಹುಣ್ಣಿನಿಂದ ಆಗಾಗ ಹೊಸದಾಗಿ ಬ್ಯಾಕ್ಟೀರಿಯಾ ತೆಗೆದು ಪರೀಕ್ಷಿಸುವುದು ಅವರ ಕಸುಬಿನ ಮೊದಲ ಪಾಠ. ಸೇಡಿನ ಭರದಲ್ಲಿ ಅವಳು ಕೈಗೆ ಸಿಕ್ಕಿದ ಮೊದಲ ದಿನದ ಸೀಸೆಯನ್ನೇ ಎತ್ತಿಕೊಂಡಿದ್ದಳು.

ಕೊನೆಯ ಸೀಸೆಯ ಬ್ಯಾಕ್ಟೀರಿಯಾದ ಮೇಲೆ ಅದೇ ಫೇಜ್ ಹನಿಸಿದಳು. ಮರುದಿನವೂ ತಟ್ಟೆ ಪೂರ್ತಿ ಮಬ್ಬಾಗಿಯೇ ಇತ್ತು. ಒಂದೂ ಸತ್ತಿರಲಿಲ್ಲ. ಫೇಜ್ ಬ್ಯಾಕ್ಟೀರಿಯಾದ ಮೈಮೇಲಿನ ಒಂದು ಪ್ರೋಟೀನನ್ನು ಗುರುತಿಸಿ, ಅದಕ್ಕೆ ಅಂಟಿಕೊಂಡ ಮೇಲೆಯೇ ಕೊಲ್ಲುವುದು. ಆ ಪ್ರೋಟೀನ್ ಇಲ್ಲದವು ಬದುಕಿ, ಹುಣ್ಣಿನ ತುಂಬ ಹಬ್ಬಿದ್ದವು. ಬಾದ್ರಿ ನಿಜವನ್ನೇ ಹೇಳಿದ್ದ.

ಅವಳು ಹುಡುಕಿಕೊಂಡು ಹೋದಾಗ ಅವನು ಮ್ತ್ಕ್ವಾರಿ ನದಿಯ ದಂಡೆಯಲ್ಲಿ, ಚರಂಡಿ ಬಂದು ಸೇರುವಲ್ಲಿ, ಮೊಣಕಾಲುದ್ದ ನೀರಿನಲ್ಲಿ ನಿಂತು ಬಾಟಲಿ ತುಂಬುತ್ತಿದ್ದ. ಹೊಸ ಫೇಜ್ ಸಿಗುವುದೇ ಇಂಥ ಕೊಳಕು ನೀರಿನಲ್ಲಿ.

"ಅವತ್ತೇ ಯಾಕೆ ಬಿಡಿಸಿ ಹೇಳಲಿಲ್ಲ?" ಅವಳು ದಂಡೆಯಿಂದಲೇ ಕೇಳಿದಳು.

"ಕಾಲು ಕಳಕೊಂಡವರ ಮುಂದೆ ಪಾಠ ಹೇಳಲಾ? ನನ್ನ ಮೇಲಿನ ಸಿಟ್ಟಿಗಾದರೂ ನೀನು ಗಟ್ಟಿಯಾಗಿ ನಿಂತೆಯಲ್ಲ, ಸಾಕು ಅನ್ನಿಸಿತು."

"ಈ ನೀರು ಯಾರಿಗೆ?"

"ನಿಮ್ಮಪ್ಪನಿಗೆ. ಆ ಬ್ಯಾಕ್ಟೀರಿಯಾನ ಹಿಡಿಯೋ ಫೇಜ್ ಇನ್ನೂ ಸಿಕ್ಕಿಲ್ಲ. ಮಾಸ್ತರಿಗೆ ಇನ್ನೊಂದು ಕಾಲಿದೆ, ತೆಕ್ಲೆ. ಅದಕ್ಕೇನಾದರೂ ಆಗೋ ಮೊದಲೇ ಸಿಗಬೇಕು."

ಯಾರ ಮೇಲೆ ಸೇಡು ತೀರಿಸಿಕೊಂಡೆ ನಾನು... ಅವಳು ಚಪ್ಪಲಿ ಕಳಚಿ ನೀರಿಗಿಳಿದಳು. ಅವನ ಕೈಯಿಂದ ಬಾಟಲಿ ಕಿತ್ತುಕೊಂಡಳು.

"ಮೊದಲು ಔತಣಕ್ಕೆ ಬಂದವರನ್ನೆಲ್ಲ ಮತ್ತೆ ಕರೀತೀನಿ. ಅವರೆದುರೇ ನಿನ್ನ ಕ್ಷಮೆ ಕೇಳ್ತೀನಿ, ಬಾದ್ರಿ."

ಬರೀ ಬಾದ್ರಿ ಎಂದು ಅವಳು ಕರೆದದ್ದು ಅದೇ ಮೊದಲು. ಅವನು ಮುಖ ಅತ್ತ ತಿರುಗಿಸಿ ಕಣ್ಣೊರೆಸಿಕೊಂಡ.

"ಆಮೇಲೆ?"

"ಆಮೇಲೆ ಮನೆಗೆ ಬಾ. ಬಿಸಿ ಬ್ರೆಡ್ಡು ತಗೊಂಡು ಬಾ. ಅಪ್ಪ ಇವತ್ತಿಗೂ ನಿನ್ನ ಬಗ್ಗೆ ಕೇಳ್ತಾರೆ... ನಾನೇ ಬಾಗಿಲು ಹಾಕಿಟ್ಟಿದ್ದೆ."